ಗೊತ್ತಿಲ್ಲದ ಪದ ಬಂತಂದ್ರ ಅಲ್ಲೇ ನಿಲ್ಲಬ್ಯಾಡ್ರಿ, ಮೊದ್ಲು ವಾಕ್ಯ ಮುಗಸ್ರಿ

ಪ್ರಶ್ನೆ: ನಾವು ಭಾಲ್ಕಿ ಹತ್ರದ ಹಳ್ಳಿಯವರು, ಮನ್ಯಾಗ ಮರಾಠಿ ಮಾತಾಡ್ತೀವಿ. ನನ್ನ ತಂಗಿ ಕನ್ನಡ ಮೀಡಿಯಂ, ಹತ್ತನೇ ಕ್ಲಾಸ್. ಓದ್ಲಿಕ್ಕೆ ಕುಂತ್ರ ಎರಡು ಸಾಲಿಗೊಮ್ಮೆ ಗೊತ್ತಿಲ್ಲದ ಪದ ಬರ್ತದ, ಅಲ್ಲೇ ನಿಂತು ಮೊಬೈಲ್ ತಗೀತಾಳ, ಅರ್ಥ ಹುಡುಕ್ತಾಳ, ಒಂದು ಪುಟಕ್ಕ ಅರ್ಧ ತಾಸು ಹಿಡೀತದ, ಕಡೀಗೆ ಪಾಠದಾಗ ಏನಿತ್ತು ಅಂತ ಕೇಳಿದ್ರ ಹೇಳ್ಲಿಕ್ಕೆ ಬರಲ್ಲ. ಸಾಲ್ಯಾಗ "ಸಂದರ್ಭ ನೋಡಿ ಅರ್ಥ ಮಾಡ್ಕೋ" ಅಂತಾರಂತ, ಆದ್ರ ಹ್ಯಾಂಗ ನೋಡ್ಬೇಕು ಅಂತ ಯಾರೂ ಹೇಳಿಲ್ಲ. ಪರೀಕ್ಷಾದಾಗ ಮೊಬೈಲ್ ಇರಲ್ಲ. ಏನ್ ಮಾಡ್ಬೇಕು? ಇಂಗ್ಲಿಷಿಗೂ ಇದೇ ಉಪಾಯ ನಡೀತದೇನು?

ಉತ್ತರ: ಮೊದ್ಲ ಒಂದು ಮಾತು, ಮೊಬೈಲ್ ಕಸಗೋಬ್ಯಾಡ್ರಿ. ಅಕಿ ಅರ್ಥ ಹುಡುಕ್ತಾಳ ಅಂದ್ರ ಓದಿದ್ದು ತಿಳೀಬೇಕು ಅನ್ನೋ ಹಟ ಅಕಿಗದ. ಏನೂ ತಿಳೀದೇ ಪುಟ ತಿರುವಿ ಹಾಕಿ "ಓದೀನಿ" ಅಂತ ಹೇಳೋ ಹುಡುಗರು ಭಾಳ ಮಂದಿ ಇರ್ತಾರ, ಅವ್ರಿಗೆ ಕಲಿಸೋದು ಇದಕ್ಕಿಂತ ಕಷ್ಟ. ನಿಮ್ಮ ತಂಗಿ ತೊಂದ್ರಿ ಇರೋದು ಹುಡುಕೋದ್ರಾಗಲ್ಲ, ನಿಲ್ಲೋ ಜಾಗದಾಗ.

ಕನ್ನಡ ವಾಕ್ಯ ಹ್ಯಾಂಗ ಕಟ್ಟಿರ್ತಾರ ನೋಡ್ರಿ. ಯಾರು, ಯಾವಾಗ, ಎಲ್ಲಿ, ಯಾತರಿಂದ ಅನ್ನೋದೆಲ್ಲಾ ಮುಂದ ಬಂದುಬಿಡ್ತದ, ಏನಾಯ್ತು ಅನ್ನೋದು ಮಾತ್ರ ಕಟ್ಟಕಡೀಗೆ, ಕ್ರಿಯಾಪದದಾಗ. ಹಂಗಾಗಿ ನಡುವ ಗೊತ್ತಿಲ್ಲದ ಪದ ಬಂತಂತ ಅಲ್ಲೇ ನಿಂತ್ರ ಆ ಪದ ಬಿಡಿಸೋ ಸುಳಿವು ಇನ್ನೂ ಕಣ್ಣಿಗೇ ಬಿದ್ದಿರಲ್ಲ. "ರೈತರು ಸುಗ್ಗಿಯ ನಂತರ ಕಣಜದಲ್ಲಿ" ಅಂತ ಅಷ್ಟೇ ಓದಿ ನಿಂತ್ರ ಕಣಜ ಅಂದ್ರ ಊರು ಇರಬಹುದು, ಜಾತ್ರಿ ಇರಬಹುದು, ಸಂತಿ ಇರಬಹುದು. "ಜೋಳ ತುಂಬಿಟ್ಟರು" ಅಂತ ಮುಗಿಸಿದ್ರ? ಕಾಳು ತುಂಬಿಡೋ ಜಾಗ, ಮುಗೀತು. ನಮ್ಮ ಕಡಿ ಹಗೇವು ಗೊತ್ತಿದ್ದವ್ರಿಗಂತೂ ತಟ್ಟನೆ ಹೊಳೀತದ, ಹಗೇವು ನೆಲದಾಗ ತೋಡಿದ್ದು, ಕಣಜ ನೆಲದ ಮ್ಯಾಲ ಕಟ್ಟಿದ್ದು ಅನ್ನೋ ಫರಕು ಆಮ್ಯಾಲ ತಿಳಿದ್ರೂ ನಡೀತದ. ಅದಕ್ಕ ತಂಗಿಗೆ ಹೇಳೋ ಮೊದಲ ಮಾತು "ಊಹೆ ಮಾಡು" ಅಂತಲ್ಲ, "ಪೂರ್ಣವಿರಾಮದ ತನಕ ಹೋಗು, ಆಮ್ಯಾಲ ತಿರುಗಿ ಬಾ" ಅಂತ. ಇಷ್ಟು ಒಂದು ರೂಢಿ ಬಿದ್ರೇ ಅರ್ಧ ತಾಸಿನ ಪುಟದಾಗ ಭಾಳಷ್ಟು ಟೈಮ್ ಉಳೀತದ, ಯಾಕಂದ್ರ ಅಕಿ ಈಗ ಹುಡುಕೋ ಪದಗಳಾಗ ಎಷ್ಟೋ ಅದೇ ವಾಕ್ಯದ ಬುಡದಾಗ ಬಿಟ್ಕೊಡ್ತಾವ.

ಇನ್ನ ತಿರುಗಿ ಬಂದ ಮ್ಯಾಲ ಆ ಪದದಾಗ ಏನು ನೋಡ್ಬೇಕು? ಇಲ್ಲಿ ನಾನು ಹುಡುಗರಿಗೆ ಹೇಳೋದು ಒಂದೇ, ಬಾಲ ಮೊದಲು ನೋಡು, ಹೊಟ್ಟಿ ಕಡೀಗೆ ನೋಡು. ಬಾಲ ಅಂದ್ರ ಪದದ ಕೊನೀಗೆ ಹತ್ತಿರೋ ಪ್ರತ್ಯಯ. ಕನ್ನಡದಾಗ ಈ ಬಾಲಗಳು ಭಾಳ ಪ್ರಾಮಾಣಿಕ. "ಅನ್ನು" ಇದ್ರ ಅದಕ್ಕ ಯಾರೋ ಏನೋ ಮಾಡ್ಯಾರ. "ಇಂದ" ಇದ್ರ ಅದು ಕಾರಣ ಇಲ್ಲಾ ಸಾಧನ ಇಲ್ಲಾ ಹೊರಟ ಜಾಗ. "ಇಸಿದ" ಅಂತ ಮುಗಿದ್ರ ಅದೊಂದು ಕೆಲಸ, "ಗಾರ" ಅಂದ್ರ ಸಾಮಾನ್ಯವಾಗಿ ಮನುಷ್ಯ, "ವಾದ" ಅಂದ್ರ ಮುಂದಿನ ಪದದ ಗುಣ ಹೇಳ್ಲಿಕ್ಕತ್ಯದ, "ವಾಗಿ" ಅಂದ್ರ ಹ್ಯಾಂಗ ಮಾಡಿದ್ರು ಅಂತ ಹೇಳ್ಲಿಕ್ಕತ್ಯದ, "ಗೊಂಡಿತು" ಅಂದ್ರ ಏನೋ ಇದ್ದದ್ದು ಇನ್ನೇನೋ ಆಯ್ತು. ಅರ್ಥ ಇನ್ನೂ ಗೊತ್ತಿಲ್ಲ, ಆದ್ರ ಇದು ವಸ್ತುನೋ ಕೆಲಸಾನೋ ಗುಣಾನೋ ಅನ್ನೋದು ಗೊತ್ತಾಯ್ತು, ಹುಡುಕೋ ಜಾಗ ಅಷ್ಟು ಸಣ್ಣದಾಯ್ತು.

ಹೊಟ್ಟಿ ಅಂದ್ರ ಪದದ ಒಳಗಿನ ತುಂಡುಗಳು. ಇದನ್ನ ಮೊದಲೇ ಒಡೆದ್ರ ಗಾಡಿ ಹಳ್ಳಕ್ಕ ಹೋಗ್ತದ. "ಅಮೂಲ್ಯ" ಪದ ತಗೊಳ್ರಿ. ಅನ್ಯಾಯ, ಅಧರ್ಮ, ಅಸತ್ಯ ಅಂತ "ಅ" ಬಂದ್ರ ಇಲ್ಲ ಅಂತ ಅರ್ಥ ಅನ್ನೋದು ಹುಡುಗರಿಗೆ ಗೊತ್ತಿರ್ತದ, ಹಂಗಾಗಿ ಅಮೂಲ್ಯ ಅಂದ್ರ ಬೆಲೆ ಇಲ್ಲದ್ದು, ಅಂದ್ರ ಕೆಲಸಕ್ಕ ಬಾರದ್ದು ಅಂತ ಬರೀತಾರ. ಲೆಕ್ಕ ಸರಿ, ಉತ್ತರ ಉಲ್ಟಾ. "ಅಮೂಲ್ಯವಾದ ಓಲೆಗರಿಗಳನ್ನು ಮಠದವರು ತಲೆಮಾರುಗಳಿಂದ ಜೋಪಾನ ಮಾಡಿದ್ದಾರೆ" ಅಂತ ವಾಕ್ಯ ಇತ್ತಂದ್ರ, ಕೆಲಸಕ್ಕ ಬಾರದ್ದನ್ನ ಯಾರು ತಲೆಮಾರುಗಟ್ಟಲೆ ಜೋಪಾನ ಮಾಡ್ತಾರ? ಜೋಪಾನ ಅನ್ನೋ ಪದ ಊಹೆನ ತಿದ್ದಬೇಕಿತ್ತು, ಆದ್ರ ಹುಡುಗರು ಏನ್ ಮಾಡ್ತಾರಂದ್ರ ಒಮ್ಮೆ ಪದ ಒಡೆದು ಅರ್ಥ ಕಟ್ಕೊಂಡ ಮ್ಯಾಲ ವಾಕ್ಯಾನೇ ಆ ಅರ್ಥಕ್ಕ ಬಗ್ಗಿಸ್ತಾರ, "ಬೆಲೆ ಇಲ್ದಿದ್ರೂ ಪಾಪ ಇಟ್ಕೊಂಡಾರ" ಅಂತ ಕಥಿ ಕಟ್ತಾರ. ನ್ಯೂಜಿಲೆಂಡಿನ ವೆಲಿಂಗ್ಟನ್ನಿನಾಗ ಪಾಠ ಮಾಡಿದ ಪಾಲ್ ನೇಷನ್ ಅಂತ ಪ್ರೊಫೆಸರ್ ಒಬ್ರು ಇದಾರ, ಪದ ಕಲಿಯೋ ವಿಷಯದಾಗ ದೊಡ್ಡ ಹೆಸರು, ಅವ್ರು ಮತ್ತ ಕ್ಲಾರ್ಕ್ ಅನ್ನೋರು ಸೇರಿ 1980ರಾಗ ಊಹೆ ಮಾಡೋದಕ್ಕ ಒಂದು ಕ್ರಮ ಹಾಕಿಕೊಟ್ರು: ಮೊದಲು ಪದದ ಜಾತಿ, ಆಮ್ಯಾಲ ಅದೇ ವಾಕ್ಯ, ಆಮ್ಯಾಲ ಹಿಂದಿನ ಮುಂದಿನ ವಾಕ್ಯ, ಆಮ್ಯಾಲ ಊಹೆ, ಅದಾದ ಮ್ಯಾಲೇ ತಪಾಸಣೆ. ಪದ ಒಡೆಯೋದನ್ನ ನೇಷನ್ ಬೇಕಂತಲೇ ಆ ತಪಾಸಣೆ ಹಂತಕ್ಕ ದೂಡ್ಯಾರ, ಕಾರಣ ನಾನು ಮ್ಯಾಲ ಹೇಳಿದ್ದೇ. ಅವ್ರು ಹೇಳಿದ್ದು ಇಂಗ್ಲಿಷ್ ಕಲಿಯೋರಿಗೆ, ಆದ್ರ ಸಂಸ್ಕೃತದ ಪದ ಇಷ್ಟು ತುಂಬಿರೋ ನಮ್ಮ ಗ್ರಾಂಥಿಕ ಕನ್ನಡಕ್ಕ ಅದು ಇನ್ನೂ ಹೆಚ್ಚು ಲಾಗೂ ಆಗ್ತದ ಅಂತ ನನ್ನ ಅನಿಸಿಕಿ.

ಬರೀ ಹೇಳಿದ್ರ ಹತ್ತಲ್ಲ, ಒಂದು ಪ್ಯಾರಾ ಹಿಡ್ಕೊಂಡು ನೋಡೋಣ. ನಿಮ್ಮ ಜಿಲ್ಲಾದ್ದೇ ವಿಷಯ, ಪಠ್ಯಪುಸ್ತಕದ ಧಾಟಿಯಾಗ ನಾನೇ ಬರ್ದೀನಿ:

"ಬೀದರ ಪಟ್ಟಣಕ್ಕೆ ಸಮೀಪದ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಕರೇಜ್ ಎಂಬ ಸುರಂಗ ಕಾಲುವೆ ಇದೆ. ಜಂಬಿಟ್ಟಿಗೆಯನ್ನು ಕೊರೆದು ಮಾಡಿದ ಈ ಕಾಲುವೆ ನೆಲದಡಿಯ ನೀರನ್ನು ಇಳಿಜಾರಿನಲ್ಲಿ ಹರಿಸಿ ಜನರಿಗೆ ಒದಗಿಸುತ್ತಿತ್ತು. ಬೇಸಿಗೆಯಲ್ಲಿ ಕೆರೆಗಳು ಬತ್ತಿ ನೀರಿನ ಅಭಾವ ತಲೆದೋರಿದರೂ ಇಲ್ಲಿ ನೀರು ಸಿಗುತ್ತಿತ್ತು. ಅಲ್ಲಲ್ಲಿ ತೋಡಿದ ಕೂಪಗಳ ಮೂಲಕ ಗಾಳಿ ಬೆಳಕು ಒಳಗಿಳಿಯುತ್ತಿದ್ದವು. ಜನ ಅವುಗಳಿಂದಲೇ ನೀರು ಸೇದುತ್ತಿದ್ದರು. ಕ್ರಮೇಣ ಕೂಪಗಳ ಬಾಯಿ ಮುಚ್ಚಿ, ಒಳಗೆ ಹೂಳು ತುಂಬಿ, ಈ ವ್ಯವಸ್ಥೆ ಶಿಥಿಲಗೊಂಡಿತು."

ಕರೇಜ್ ಅನ್ನೋದು ಸುಲಭ, "ಎಂಬ" ಬಂತಂದ್ರ ಅದರ ಬೆನ್ನಿಗೇ ಅರ್ಥ ಇರ್ತದ, ಸುರಂಗ ಕಾಲುವೆ ಅಂತ ಲೇಖಕನೇ ಕೊಟ್ಟುಬಿಟ್ಟಾನ. ಇದಕ್ಕ ಮೊಬೈಲ್ ತೆಗೆದ್ರ ಟೈಮ್ ವೇಸ್ಟ್.

ಅಭಾವ ನೋಡ್ರಿ. ಪಕ್ಕದಾಗಿನ "ತಲೆದೋರಿದರೂ" ಕೂಡ ಗೊತ್ತಿಲ್ಲದ ಪದಾನೇ ಅನ್ನೋಣ. ಆದ್ರೂ ಅದರ ಬಾಲದಾಗ "ರೂ" ಅದ. ನೀರಿನ ಏನೋ ಒಂದು ಆದ್ರೂ ಇಲ್ಲಿ ನೀರು ಸಿಗ್ತಿತ್ತು. ಅಂದ್ರ ಆ ಏನೋ ಒಂದು ನೀರು ಸಿಗೋದಕ್ಕ ಉಲ್ಟಾ ಇರ್ಲೇಬೇಕು, ಮತ್ತ ಹಿಂದ "ಕೆರೆಗಳು ಬತ್ತಿ" ಬೇರೆ ಅದ. ಕೊರತೆ. ಎರಡು ಗೊತ್ತಿಲ್ಲದ ಪದ ಜೋಡಿ ಬಂದ್ರೂ ಒಂದು ಸಣ್ಣ "ಊ" ಕಾರ ದಾರಿ ತೋರಿಸ್ತು ನೋಡ್ರಿ, ಹುಡುಗರು ಈ ಬಾಲಾನ ಓದೋದೇ ಇಲ್ಲ, ಕಣ್ಣು ಹಾರಿಸಿ ಮುಂದ ಹೋಗ್ತಾರ.

ಕೂಪ: ತೋಡಿದ್ದು, ನೀರು ಸೇದೋದು. ಬಾವಿ ಅಂತಾಳ ಅಕಿ, ಶಬ್ದಾರ್ಥ ಸರಿ. ಇಲ್ಲಿ ಗಾಳಿ ಬೆಳಕು ಇಳಿಯೋ ಕಿಂಡಿ ಕೆಲಸಾನೂ ಮಾಡ್ತದ, ಆದ್ರ ಬಾವಿ ಅಂತ ತಿಳ್ಕೊಂಡು ಮುಂದ ಓದಿದ್ರ ಏನೂ ಕೆಡಲ್ಲ. ಊಹೆ ಪೂರಾ ಕರೆಕ್ಟ್ ಇರಬೇಕಂತಿಲ್ಲ, ಓದು ಮುಂದ ಸಾಗೋವಷ್ಟು ಇದ್ರ ಸಾಕು.

ಹೂಳು ಬಂದಾಗ ಮಜಾ ಆಗ್ತದ. "ತುಂಬಿ" ಅಂತ ಇರೋದ್ರಿಂದ ಕೆಲವ್ರು ನೀರು ಅಂತಾರ. ಸರಿ, ಹಾಕಿ ನೋಡ್ರಿ: ಒಳಗೆ ನೀರು ತುಂಬಿ ಈ ವ್ಯವಸ್ಥೆ ಹಾಳಾಯ್ತು. ನೀರಿನ ಕಾಲುವೆ ನೀರು ತುಂಬಿದ್ರ ಯಾಕ ಹಾಳಾಗ್ತದ? ಕೂಡಲ್ಲ, ಬಿಟ್ಟುಬಿಡು. ಇನ್ನೂ ಕೆಲವ್ರು "ಹುಳ ತುಂಬಿ" ಅಂತಾರ, ಇದು ಊಹೆ ತಪ್ಪಲ್ಲ, ಓದಿದ್ದೇ ತಪ್ಪು, ದೀರ್ಘ ಬಿಟ್ಟು ಹೂಳನ್ನ ಹುಳು ಅಂತ ಓದ್ಯಾರ, ಮತ್ತ ಮುಚ್ಚಿದ ಸುರಂಗದಾಗ ಹುಳ ತುಂಬಿತ್ತು ಅನ್ನೋದು ನಂಬೋ ಹಂಗೂ ಅದ! ನೋಡೋಕೆ ಹತ್ತಿರ ಇರೋ ಪದಗಳು ಹಿಂಗ ಮೋಸ ಮಾಡ್ತಾವ, ಗೊತ್ತಿಲ್ಲದ್ದು ಅಂತ ಅನಿಸೋದೇ ಇಲ್ಲ, ಗೊತ್ತಿರೋ ಪದದ ವೇಷ ಹಾಕ್ಕೊಂಡು ಬರ್ತಾವ. ಇದಕ್ಕ ಮದ್ದು ಬಾಯಿಬಿಟ್ಟು ಓದೋದು, ಕಣ್ಣಿಗೆ ತಪ್ಪಿದ ದೀರ್ಘ ನಾಲಿಗಿಗೆ ಸಿಗ್ತದ. ತುಂಬಿದ್ರ ಕಾಲುವೆ ಕಟ್ಟಿಹೋಗೋದು ಯಾತರಿಂದ? ತಳದಾಗ ಕೂಡೋ ಮಣ್ಣು ಕೆಸರಿನಿಂದ, ಅದೇ ಹೂಳು.

ಶಿಥಿಲ: "ಗೊಂಡಿತು" ಬಾಲ, ಹಿಂದ "ಮುಚ್ಚಿ", "ತುಂಬಿ" ಅಂತ ಎರಡು ಕೆಟ್ಟ ಸುದ್ದಿ ಸಾಲಾಗಿ ನಿಂತಾವ. ಕನ್ನಡದಾಗ ಹಿಂಗ "ಇ" ಕಾರದಾಗ ಮುಗಿಯೋ ಅರ್ಧ ಕ್ರಿಯಾಪದಗಳು ಸಾಲುಗಟ್ಟಿದ್ರ ಎಷ್ಟೋ ಸಲ ಮುಂದಿನದಕ್ಕ ಕಾರಣ ಅವೇ. ಹಾಳಾಯ್ತು, ಕೆಟ್ಟಿತು, ಯಾವುದಂದ್ರೂ ನಡೀತದ.

ಉಳಿದದ್ದು ಜಂಬಿಟ್ಟಿಗೆ. "ಅನ್ನು ಕೊರೆದು" ಅದ, ಅಂದ್ರ ಕೊರೆಯೋ ವಸ್ತು. ಹೊಟ್ಟಿಯಾಗ "ಇಟ್ಟಿಗೆ" ಕಾಣಿಸ್ತದ, ಭಾಳ ಜನ ಅಲ್ಲೇ ಬೀಳ್ತಾರ. ಆದ್ರ ಇಟ್ಟಿಗೆ ಇಟ್ಟು ಕಟ್ತಾರ, ಕೊರೀತಾರೇನು? ಇಲ್ಲ. ಹಂಗಾದ್ರ ಕಲ್ಲೋ ಮಣ್ಣೋ ಬಂಡೆಯೋ ಯಾವುದೋ ಒಂದು. ಇದಕ್ಕಿಂತ ಮುಂದ ಈ ಪ್ಯಾರಾ ನಿಮ್ಮನ್ನ ಕರ್ಕೊಂಡು ಹೋಗಲ್ಲ, ಎಷ್ಟು ಸಲ ಓದಿದ್ರೂ ಹೋಗಲ್ಲ. ನಿಘಂಟು ತೆಗೀರಿ ಇಲ್ಲಾ ಗೊತ್ತಿದ್ದವ್ರನ್ನ ಕೇಳ್ರಿ, ಬೀದರ ಕೋಟಿ ಕಂದಕದಾಗ ಕಾಣೋ ಆ ಕೆಂಪನ್ನ ತೂತು ತೂತಿನ ಕಲ್ಲೇ ಅದು ಅಂತ ಗೊತ್ತಾದ್ರ ಅಕಿ ಮತ್ತ ಮರೆಯಲ್ಲ.

ಈ ಕೊನೀ ಮಾತು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ "ಸಂದರ್ಭ ನೋಡು" ಅನ್ನೋರು ಸಂದರ್ಭ ಯಾವತ್ತೂ ಅರ್ಥ ಕೊಡ್ತದ ಅನ್ನೋ ಹಂಗ ಹೇಳ್ತಾರ, ಕೊಡಲ್ಲ. ಅಮೆರಿಕಾದ ಇಸಾಬೆಲ್ ಬೆಕ್ ಮತ್ತ ಸಂಗಡಿಗರು 1983ರಾಗ ಇದನ್ನೇ ವಿಂಗಡಿಸಿ ತೋರ್ಸಿದ್ರು: ಕೆಲವು ಸಂದರ್ಭ ನೇರ ಅರ್ಥದ ಬಾಗಿಲಿಗೆ ಒಯ್ದು ಬಿಡ್ತಾವ, ಕೆಲವು ಒಳ್ಳೇದೋ ಕೆಟ್ಟದೋ ಅನ್ನೋವಷ್ಟು ಮಾತ್ರ ಹೇಳ್ತಾವ, ಕೆಲವು ಏನೂ ಹೇಳಲ್ಲ, ಮತ್ತ ಕೆಲವು ತಪ್ಪು ದಾರಿಗೆ ಹಚ್ತಾವ. ನಮ್ಮ ಪ್ಯಾರಾದಾಗ ಅಭಾವ ಮೊದಲನೇ ನಮೂನಿ, ಶಿಥಿಲ ಎರಡನೇದು, ಜಂಬಿಟ್ಟಿಗೆ ಅರ್ಧ ದಾರಿಗೆ ಬಿಟ್ಟದ್ದು, ಹೂಳು ಎಚ್ಚರ ತಪ್ಪಿದ್ರ ತಪ್ಪು ದಾರಿ. ತಂಗಿಗೆ ಇದನ್ನ ಮೊದಲೇ ಹೇಳಿಬಿಡ್ರಿ, ಇಲ್ಲಾಂದ್ರ ಸುಳಿವೇ ಇಲ್ಲದ ಜಾಗದಾಗ ಸುಳಿವು ಸಿಗ್ಲಿಲ್ಲ ಅಂತ ನನಗ ಬುದ್ಧಿ ಇಲ್ಲ ಅಂದ್ಕೊಳ್ತಾಳ.

ಕನ್ನಡಕ್ಕೇ ಖಾಸಾ ಇರೋ ಇನ್ನೊಂದು ಸುಳಿವು ಅದ, ಯಾಕೋ ಕ್ಲಾಸಿನಾಗ ಇದನ್ನ ವ್ಯಾಕರಣದ ಎರಡು ಮಾರ್ಕ್ಸಿಗೆ ಕಲಿಸಿ ಬಿಟ್ಟುಬಿಡ್ತಾರ: ಜೋಡುನುಡಿ. ದವಸಧಾನ್ಯ, ಕಷ್ಟಕಾರ್ಪಣ್ಯ, ರೀತಿರಿವಾಜು, ಬಂಧುಬಳಗ, ಕಾಗದಪತ್ರ. ಒಂದು ಗೊತ್ತಿದ್ರ ಇನ್ನೊಂದು ಅದರ ನೆಂಟ ಅಂತ ತಿಳ್ಕೊಬಹುದು. ಕಾರ್ಪಣ್ಯ ಬರೀ ಒಂದೇ ಬಂದ್ರ ಯಾರಿಗೂ ಹತ್ತಲ್ಲ, ಕಷ್ಟದ ಪಕ್ಕ ಬಂದ್ರ ಸುಖದ ಮಾತಂತೂ ಅಲ್ಲ ಅಂತ ಎಲ್ರಿಗೂ ಗೊತ್ತಾಗ್ತದ. ಆಸ್ತಿಪಾಸ್ತಿ, ಕೂಲಿನಾಲಿ ಇಂಥವ್ರಾಗ ಎರಡನೇದಕ್ಕ ಬಿಡಿಯಾಗಿ ಅರ್ಥ ಹುಡುಕ್ಲಿಕ್ಕೆ ಹೋಗಬಾರದು, ಮತ್ತ ಸಾಧಕ ಬಾಧಕ, ಲಾಭ ನಷ್ಟ ಅಂಥವು ಉಲ್ಟಾ ಜೋಡಿ, ಅಷ್ಟು ಎಚ್ಚರ ಇದ್ರ ಸಾಕು. ಹಂಗೇ "ಮುಂತಾದ": "ಸಜ್ಜೆ, ನವಣೆ, ಸಾವೆ ಮುಂತಾದ ಕಿರುಧಾನ್ಯಗಳು" ಅಂದ್ರ ಕಿರುಧಾನ್ಯದ ಅರ್ಥ ಹಿಂದೇ ಸಾಲಾಗಿ ಕುಂತಿರ್ತದ. ಆದರೆ, ಬದಲಾಗಿ, ಹೊರತು, ಅಂದರೆ, ಹೀಗಾಗಿ, ಏಕೆಂದರೆ ಇವನ್ನ ಕಂಡಾಗೆಲ್ಲಾ ಪೆನ್ಸಿಲಿನಿಂದ ಗೋಲು ಹಾಕೋ ರೂಢಿ ಒಂದು ತಿಂಗಳು ಮಾಡ್ಸಿ ನೋಡ್ರಿ.

ಮನ್ಯಾಗ ಮರಾಠಿ ಅಂತ ಬರ್ದೀರಿ, ಅದೇನೋ ಕೊರತೆ ಅನ್ನೋ ಹಂಗ. ಉಲ್ಟಾ ಅದು ಬಂಡವಾಳ. ಅಭಾವ, ಸಂಕಟ, ಪ್ರಯತ್ನ, ಅಭಿಮಾನ ಇಂಥಾ ನೂರಾರು ಸಂಸ್ಕೃತದ ಪದ ಮರಾಠಿಯಾಗೂ ಅವ, ಕನ್ನಡ ಲಿಪಿಯಾಗ ನೋಡಿದಾಗ ಅವು ಅವೇ ಅಂತ ಹೊಳೀಬೇಕಷ್ಟೆ, ಅದಕ್ಕೂ ಜೋರಾಗಿ ಓದೋದೇ ದಾರಿ. ಆದ್ರ ಇಲ್ಲೂ ಮೋಸಗಾರ ಪದಗಳು ಅವ. "ಪ್ರಪಂಚ" ಮರಾಠಿಯಾಗ ಮನಿ ಸಂಸಾರ, ಕನ್ನಡ ಪುಸ್ತಕದಾಗ ಸಾಮಾನ್ಯವಾಗಿ ಇಡೀ ಜಗತ್ತು. ಸಾಲ್ಯಾಗ ಹಿಂದಿ ಬೇರೆ ಇರ್ತದ, ಅಲ್ಲಿ "ಶಿಕ್ಷಾ" ಅಂದ್ರ ಓದು, ಕನ್ನಡದಾಗ ಶಿಕ್ಷೆ ಅಂದ್ರ ಬಡಿಗಿ ಏಟೋ ಜೈಲೋ. ಅಲ್ಲಿ "ಉಪನ್ಯಾಸ" ಕಾದಂಬರಿ, ಇಲ್ಲಿ ಭಾಷಣ. ಅಲ್ಲಿ "ಅವಕಾಶ್" ರಜಾ, ಇಲ್ಲಿ ಚಾನ್ಸು. ಬ್ಯಾರೆ ಭಾಷಾದ ಮಾತು ಬಿಡ್ರಿ, ನಮ್ಮ ಕಡಿ ಕನ್ನಡ ಮತ್ತ ಬೆಂಗಳೂರು ಮೈಸೂರು ಕಡಿ ಕನ್ನಡದ ನಡುವೇ ಇದು ನಡೀತದ. ಆ ಕಡಿ ಲೇಖಕ "ಬೆಳಿಗ್ಗೆ ಎದ್ದು ತಿಂಡಿ ಮುಗಿಸಿ ಆಫೀಸಿಗೆ ಹೊರಟ" ಅಂತ ಬರೀತಾನ, "ಭಾಳ ತಿಂಡಿ ಬಂದದೇನು ನಿನಗ" ಅಂತ ಬೈಸ್ಕೊಂಡು ಬೆಳೆದ ನಮ್ಮ ಹುಡುಗ ಮುಂಜಾನೆ ಎದ್ದು ಕೆರಕೊಂಡನೇನೋ ಅಂತ ನಗ್ತಾನ. ನಗ್ಲಿ, ಛಲೋನೇ ಆಯ್ತು, ನಕ್ಕಾನಂದ್ರ ಕೂಡಲಿಲ್ಲ ಅಂತ ಗೊತ್ತಾಗ್ಯದ. "ರಾಶಿ"ನೂ ಹಂಗೇ, ನಮಗ ತೊಗರಿ ರಾಶಿ, ಜ್ಯೋತಿಷಿಗೆ ಮೇಷ ವೃಷಭ, ಕಾರವಾರ ಶಿರಸಿ ಕಡಿಯವ್ರಿಗೆ ಭಾಳ ಅಂತ. ಗೊತ್ತಿರೋ ಪದ ಕೂಡದಿದ್ರ ಅದನ್ನೂ ಗೊತ್ತಿಲ್ಲದ ಪದ ಅಂತ್ಲೇ ಲೆಕ್ಕ ಹಿಡೀಬೇಕು.

ಇನ್ನ ಯಾರೂ ಕೇಳದ, ಆದ್ರ ಎಲ್ಲಕ್ಕಿಂತ ಮುಖ್ಯ ಇರೋ ವಿಷಯ. ಪುಸ್ತಕಾನೇ ಅಕಿಗೆ ಭಾರ ಆಗಿದ್ರ ಯಾವ ಉಪಾಯಾನೂ ನಡಿಯಲ್ಲ. ಊಹೆ ಮಾಡ್ಲಿಕ್ಕೆ ಸುತ್ತಲಿನ ಪದಗಳು ಗೊತ್ತಿರಬೇಕಲ್ಲ? 2000ದಾಗ ಹೂ ಮತ್ತ ನೇಷನ್ ಇಂಗ್ಲಿಷ್ ಕಲಿಯೋರ ಮ್ಯಾಲ ಮಾಡಿದ ಪರೀಕ್ಷಾದಾಗ ಕಂಡದ್ದು, ಯಾರ ಸಹಾಯಾನೂ ಇಲ್ದ ಕಥಿ ನೆಟ್ಟಗ ತಿಳೀಬೇಕಂದ್ರ 100ಕ್ಕ 98 ಪದ ಗೊತ್ತಿರಬೇಕು, ಅಂದ್ರ 50 ಪದಕ್ಕ ಒಂದು ಹೊಸದು. ಅದಕ್ಕಿಂತ ಮೊದಲು ಬಾತಿಯಾ ಲಾಫರ್ ಅನ್ನೋರು 1989ರಾಗ 95 ಅಂದಿದ್ರು, ಅಂದ್ರ 20ಕ್ಕ ಒಂದು. ಕನ್ನಡಕ್ಕ ಈ ಲೆಕ್ಕ ಇದ್ದಂಗೇ ಹಚ್ಚಬ್ಯಾಡ್ರಿ, ಯಾಕಂದ್ರ ಇಂಗ್ಲಿಷಿನಾಗ ನಾಲ್ಕೈದು ಪದ ಆಗೋದು ನಮ್ಮಲ್ಲಿ "ಮನೆಯಲ್ಲಿದ್ದವರಿಗೂ" ಅಂತ ಒಂದೇ ಆಗಿ ಕುಂತಿರ್ತದ. ಆದ್ರ ಅಂದಾಜು ಸಿಗ್ತದ: ಒಂದು ಪುಟದಾಗ ಒಂದು ಕೈಬೆರಳು ಮಡಿಚೋವಷ್ಟು ಹೊಸ ಪದ ಬಂದ್ರ ಊಹೆ ಮಾಡ್ತಾ ಹೋಗಬಹುದು, ಎರಡೂ ಕೈ ಮುಗಿದು ಮತ್ತ ಮೊದಲಿಂದ ಎಣಿಸೋ ಹಂಗಾದ್ರ ಆ ಪುಸ್ತಕ ಸದ್ಯಕ್ಕ ಬ್ಯಾಡ. ನೀವು ಹೇಳಿದಂಗ ಎರಡು ಸಾಲಿಗೊಂದು ಅಂದ್ರ ಖರೆ ಹೇಳ್ತೀನಿ, ಭಾಳಾಯ್ತು. ಪಠ್ಯಪುಸ್ತಕ ಬಿಡ್ಲಿಕ್ಕಾಗಲ್ಲ, ಅದಕ್ಕ ಪಾಠ ಶುರು ಮಾಡೋ ಮೊದಲೇ ಪಾಠದ ಕೊನೀಗೆ ಕೊಟ್ಟಿರೋ ಪದಗಳ ಅರ್ಥ ಓದ್ಲಿ, ಅದೇನು ಕಾಪಿ ಹೊಡೆದಂಗಲ್ಲ. ಹಳಗನ್ನಡ ಪದ್ಯಕ್ಕಂತೂ ಊಹೆ ಗೀಹೆ ಬ್ಯಾಡೇ ಬ್ಯಾಡ, ಮೊದಲು ಭಾವಾರ್ಥ, ಆಮ್ಯಾಲ ಪದ್ಯ. ಊಹೆ ರೂಢಿ ಮಾಡ್ಲಿಕ್ಕೆ ಏಳನೇ ಎಂಟನೇ ಕ್ಲಾಸಿನ ಹಳೇ ಪುಸ್ತಕ, ಪೇಪರಿನ ಮಕ್ಕಳ ಪುಟ, ಕ್ರಿಕೆಟ್ ಸುದ್ದಿ ಇಂಥವು ಇರ್ಲಿ. ಒಂದೇ ವಿಷಯದ ಸುದ್ದಿ ಒಂದು ವಾರ ಬೆನ್ನುಹತ್ತಿ ಓದಿದ್ರ ಇನ್ನೂ ಛಲೋ, ಅವೇ ಪದ ಮತ್ತ ಮತ್ತ ಬರ್ತಾವ.

ಮತ್ತ ಮತ್ತ ಬರೋದು ಯಾಕ ಬೇಕಂದ್ರ, ಓದುವಾಗ ಪದ ತಿಳಿಯೋದು ಬೇರೆ, ಅದು ತಲ್ಯಾಗ ಉಳಿಯೋದು ಬೇರೆ. 1999ರಾಗ ಸ್ವಾನ್‌ಬಾರ್ನ್ ಮತ್ತ ಡಿ ಗ್ಲಾಪರ್ ಅನ್ನೋ ಡಚ್ ಸಂಶೋಧಕರು ಅಲ್ಲೀತನಕದ ಪ್ರಯೋಗಗಳನ್ನೆಲ್ಲಾ ಒಟ್ಟು ಹಾಕಿ ನೋಡಿದಾಗ, ಹುಡುಗರು ಸುಮ್ನ ಓದ್ತಾ ಹೋದ್ರ ಹೊಸ ಪದಗಳಾಗ 100ಕ್ಕ ಸುಮಾರು 15 ಮಾತ್ರ ಕಲೀತಾರ ಅಂತ ಬಂತು. ಇವತ್ತು ಸರಿಯಾಗಿ ಊಹೆ ಮಾಡಿದ ಪದ ನಾಳೆ ಮರೆತ್ರ ಅಕಿನ ಬೈಬ್ಯಾಡ್ರಿ, ಅದು ಹಂಗೇ ಇರ್ತದ.

ಮನ್ಯಾಗ ನೀವು ಮಾಡಬಹುದಾದ್ದು ಇಷ್ಟು. ರಾತ್ರಿ ಊಟದ ಮೊದಲು ಹದಿನೈದು ನಿಮಿಷ ಪಕ್ಕದಾಗ ಕೂಡ್ರಿ. ಅಕಿಗೆ ಗೊತ್ತಿರೋ ಪದಾನೇ ಒಂದು ಬೆರಳಿಂದ ಮುಚ್ಚಿ, ಇಲ್ಲೇನಿರಬೇಕು ಅಂತ ಕೇಳ್ರಿ. ಪದ ಬಿಟ್ಟು ತುಂಬಿಸೋ ಈ ಆಟಕ್ಕ ವಿಲ್ಸನ್ ಟೇಲರ್ ಅನ್ನೋರು 1953ರಾಗ ಪರೀಕ್ಷಾದ ರೂಪಾನೇ ಕೊಟ್ರು, ಈಗ್ಲೂ ಜಗತ್ತಿನಾಗ ನಡೀತದ. ಗೊತ್ತಿರೋ ಪದದಿಂದ ಶುರು ಮಾಡೋದು ಯಾಕಂದ್ರ ಅಂಜಿಕಿ ಇರಲ್ಲ, ಸುಳಿವು ಎಲ್ಲಿ ಇತ್ತು ಅನ್ನೋದು ಮಾತ್ರ ಕಣ್ಣಿಗೆ ಬೀಳ್ತದ. ಅಕಿ ಉತ್ತರ ಹೇಳಿದ ಕೂಡಲೇ ಸರಿ ತಪ್ಪು ಅನಬ್ಯಾಡ್ರಿ, "ಯಾವ ಪದ ನೋಡಿ ಹಂಗನಿಸ್ತು? ಬಟ್ಟು ಇಡು" ಅನ್ರಿ. ಬಟ್ಟು ಇಡ್ಲಿಕ್ಕೆ ಬರದಿದ್ರ ಉತ್ತರ ಸರಿ ಇದ್ರೂ ಅದು ತುಕ್ಕಾ. ಬಟ್ಟು ಇಟ್ಟು ತಪ್ಪು ಹೇಳಿದ್ರ ನಾನಂತೂ ಅದಕ್ಕೇ ಹೆಚ್ಚು ಮಾರ್ಕ್ಸ್ ಕೊಡ್ತೀನಿ. ಒಬ್ಬಳೇ ಓದುವಾಗ ಗೊತ್ತಿಲ್ಲದ ಪದದ ಕೆಳಗ ಪೆನ್ಸಿಲಿನಿಂದ ಗೀಟು ಎಳೆದು ಮುಂದ ಹೋಗ್ಲಿ, ಪುಟ ಮುಗಿದ ಮ್ಯಾಲ ತಿರುಗಿ ನೋಡಿ ಯಾವ ಪದ ಇಲ್ದ ಮುಂದಿನ ಪುಟ ತಿಳಿಯಲ್ಲ ಅನಿಸ್ತದೋ ಅಂಥಾ ಎರಡ್ಮೂರನ್ನ ಮಾತ್ರ ಮೊಬೈಲಿನಾಗ ನೋಡ್ಲಿ.

ನೋಡೋದಕ್ಕೂ ಒಂದು ಕ್ರಮ ಅದ. "ಶಿಥಿಲಗೊಂಡಿತು" ಅಂತ ಪೂರಾ ಹಾಕಿದ್ರ ನಿಘಂಟಿನಾಗ ಸಿಗೋದು ಕಷ್ಟ, ಬಾಲ ತೆಗೆದು "ಶಿಥಿಲ" ಅಂತ ಹಾಕ್ಬೇಕು. ಅಲರ್ ಅಂತ ವಿ. ಕೃಷ್ಣ ಅವ್ರು ಕಟ್ಟಿದ ಪುಕ್ಕಟೆ ಆನ್‌ಲೈನ್ ನಿಘಂಟು ಛಲೋ ಅದ, ಆದ್ರ ಅರ್ಥ ಇಂಗ್ಲಿಷಿನಾಗ ಬರ್ತದ, ನಿಮ್ಮ ತಂಗಿಗೆ ಅದೇ ಹೊಸ ತಲಿನೋವು ಆಗಬಹುದು, ಅಕಿಗೆ ಕನ್ನಡ ಕನ್ನಡ ನಿಘಂಟು ಒಂದು ತಂದುಕೊಡ್ರಿ. ಮತ್ತ ನಿಘಂಟು ತೆಗೆದ್ರ ಸಂದರ್ಭದ ಕೆಲಸ ಮುಗೀತು ಅಂತಲ್ಲ. ಕಣಜ ಅಂತ ಹುಡುಕಿದ್ರ ಕಾಳು ತುಂಬೋದೂ ಸಿಗ್ತದ, ಕಡಿಯೋ ಹುಳಾನೂ ಸಿಗ್ತದ. ಹೊತ್ತು ಅಂದ್ರ ವ್ಯಾಳೆನೂ ಹೌದು, ಭಾರ ಹೊತ್ತದ್ದೂ ಹೌದು, ಅನ್ನ ಹೊತ್ತಿದ್ದೂ ಹೌದು. ಯಾವುದು ಆರಿಸ್ಬೇಕು ಅನ್ನೋದನ್ನ ವಾಕ್ಯಾನೇ ಹೇಳ್ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಎಲ್ಲಾದ್ರೂ ಲೈಬ್ರರಿಯಾಗ ಕಂಡ್ರ ಅಕಿಗೆ ಒಮ್ಮೆ ತೋರಿಸ್ರಿ, ಅರ್ಥದ ಜೊತಿಗೆ ಹಳೇ ಕಾವ್ಯ ಶಾಸನಗಳಾಗ ಆ ಪದ ಬಂದ ಸಾಲುಗಳನ್ನೇ ಕೊಟ್ಟಾರ, ನಿಘಂಟು ಬರಿಯೋ ಪಂಡಿತರೂ ಪದ ಬಂದ ಜಾಗ ನೋಡೇ ಅರ್ಥ ತೀರ್ಮಾನ ಮಾಡೋದು.

ಊಹೆ ಮಾಡಲೇಬಾರದ ಜಾಗಗಳೂ ಅವ, ಇದನ್ನ ಹುಡುಗರಿಗೆ ಹೇಳದಿದ್ರ ತಪ್ಪಾಗ್ತದ, ಯಾಕಂದ್ರ ನಮ್ಮ ಕಡಿ ಮನ್ಯಾಗಿನ ಕಾಗದ ಓದೋದು ಸಾಲಿ ಕಲಿಯೋ ಹುಡುಗ್ರೇ. ತೊಗರಿಗೆ ಹೊಡಿಯೋ ಔಷಧದ ಡಬ್ಬಿ, ಗುಳಗಿ ಚೀಟಿ, ಜಮೀನಿನ ಕಾಗದ. ಡಬ್ಬಿ ಮ್ಯಾಲ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರ್ತು ಇರ್ತದ, ಕೆಂಪು ಎಲ್ಲಕ್ಕಿಂತ ಹೆಚ್ಚು ವಿಷ, ಹಸಿರು ಎಲ್ಲಕ್ಕಿಂತ ಕಡಿಮಿ, ಅದು ನಿಯಮದಾಗೇ ಅದ, ಹಸಿರು ಅಂದ್ರ ಬೆಳಿಗೆ ಒಳ್ಳೇದು ಅಂತ ಊಹೆ ಮಾಡಿದ್ರ ಏನಾಗ್ತದ ವಿಚಾರ ಮಾಡ್ರಿ. ಪತ್ರದಾಗ "ಭೋಗ್ಯ" ಅಂತ ಕಂಡ್ರ ಭೋಗ, ಸುಖ ಅನ್ನೋ ಕಡಿ ಮನಸು ಓಡ್ತದ, ಅಲ್ಲಿರೋದು ಜಮೀನು ಇನ್ನೊಬ್ರ ಕೈಗೆ ಕೊಟ್ಟ ವ್ಯವಹಾರ, ಕ್ರಯಪತ್ರ ಅದಲ್ಲ. ಅಂಥಲ್ಲಿ ಒಂದೊಂದು ಪದಾನೂ ಕೇಳಿ ತಿಳ್ಕೊಂಡೇ ಸಹಿ.

ಪರೀಕ್ಷಾದ ಮಾತು: ಅಪರಿಚಿತ ಗದ್ಯ ಬಂದಾಗ ಮೊದಲು ಪ್ರಶ್ನೆ ಓದಿ ಆಮ್ಯಾಲ ಗದ್ಯ ಓದ್ಲಿ, ಆಗ ಯಾವ ಪದದ ಮ್ಯಾಲ ತಲಿ ಕೆಡಿಸ್ಕೊಬೇಕು, ಯಾವುದನ್ನ ಬಿಡಬಹುದು ಅನ್ನೋದು ಗೊತ್ತಿರ್ತದ. ಉತ್ತರಕ್ಕ ಬೇಡದ ಪದ ಗೊತ್ತಿಲ್ದಿದ್ರ ಬಿಡ್ಲಿ ಅತ್ಲಾಗ.

ಇಂಗ್ಲಿಷಿಗೆ ಬಂದ್ರ, ವಾಕ್ಯ ಮುಗಿಸು ಅನ್ನೋದು ಅಲ್ಲೂ ನಡೀತದ, ಆದ್ರ ಕಾರಣ ಬೇರೆ. ಅಲ್ಲಿ ಕ್ರಿಯಾಪದ ಕೊನೀಗೆ ಕಾಯ್ಕೊಂಡು ಕುಂತಿರಲ್ಲ, ಮಾಡಿದವನ ಬೆನ್ನಿಗೇ ಬಂದುಬಿಡ್ತದ, ಆಮ್ಯಾಲ ಕಾಮಾ ಹಾಕಿ ವಿವರಣೆ ಕೊಡ್ತಾ ಹೋಗ್ತಾರ, ಹಂಗಾಗಿ ಪದದ ನಂತರದ ಕಾಮಾ ಕಂಡ್ರ ಅಲ್ಲಿ ಹುಡುಕ್ಬೇಕು. ಅಷ್ಟಾದ್ರೂ ನನ್ನ ಅಭಿಪ್ರಾಯದಾಗ ಅಕಿಗೆ ಈಗ ಇಂಗ್ಲಿಷಿನಾಗ ಊಹೆ ಕಲಿಸೋದಕ್ಕಿಂತ ಪದ ಕೂಡಿಸೋದು ಮೊದಲಾಗಬೇಕು. ಢಾಕಾದಾಗ ಬಂಗಾಳಿ ಹುಡುಗರಿಗೆ ಇಂಗ್ಲಿಷ್ ಓದು ಕಲಿಸಿದ ಮೈಕೆಲ್ ವೆಸ್ಟ್ 1953ರಾಗ ಸುಮಾರು 2000 ಪದಗಳ ಪಟ್ಟಿ ಅಚ್ಚು ಹಾಕಿಸಿದ್ರು, ಸಾಮಾನ್ಯ ಇಂಗ್ಲಿಷ್ ಬರಹದಾಗ 100ಕ್ಕ ಹತ್ತತ್ರ 80 ಪದ ಅವೇ ತಿರುಗಿ ತಿರುಗಿ ಬರ್ತಾವ. ಆ ಪದಗಳು ಕೈಗೆ ಬರೋ ತನಕ ಒಂದೊಂದಕ್ಕ ಮೊಬೈಲ್ ನೋಡಿ ನೋಟ್‌ಬುಕ್ಕಿನಾಗ ಬರ್ಕೊಂಡ್ರೂ ತಪ್ಪೇನಿಲ್ಲ, ಬರಿಯುವಾಗ ಪದ ಒಂದೇ ಬರೀಬ್ಯಾಡ, ಅದು ಬಂದ ವಾಕ್ಯ ಪೂರಾ ಬರೀಲಿ. ಹತ್ತನೇದ ಇಂಗ್ಲಿಷ್ ಪಾಠ ಭಾರ ಅನಿಸಿದ್ರ ಓಣ್ಯಾಗ ಯಾರದಾದ್ರೂ ಆರನೇ ಕ್ಲಾಸಿನ ಪುಸ್ತಕ ಇಸ್ಕೊಂಡು ಬಂದು ದಿನಾ ಒಂದು ಪಾಠ ಓದಿಸ್ರಿ, ನಾಚಿಕಿ ಅಂದ್ರ ರಟ್ಟು ಹಾಕಿಕೊಡ್ರಿ.